‘ಬೇಡ’ ಎಂದವರ ಕಾಲಂ

ಫೆಬ್ರವರಿ 11
ಇವತ್ತು ಒಂಬತ್ತು ಅಂಗಡಿ. ಕಾಲು ಬಿದ್ದುಹೋಗಿದೆ. ನಮ್ಮ ಪಿಎಚ್‌ಡಿ ಗೈಡ್ ಕೊಟ್ಟ ಪ್ರಶ್ನಾವಳಿಯಲ್ಲಿ ಮೂರೇ ಉತ್ತರ — ಕ್ರಿಪ್ಟೊ ಹಣ ಬಳಸುತ್ತಿದ್ದೇನೆ, ಬೇಗ ಬಳಸುವೆ, ಮುಂದೆ ಎಂದಾದರೂ ಬಳಸುವೆ. ಬೇಡ ಅನ್ನುವವರು ಎಲ್ಲಿಗೆ ಹೋಗಬೇಕು? ಕ್ಷೌರದಂಗಡಿಯವರು ಕತ್ತರಿ ನಿಲ್ಲಿಸಿ ನಕ್ಕರು. “ಮದುವೆ ಇವತ್ತಾ, ನಾಳೆನಾ, ನಾಡಿದ್ದಾ ಅಂತ ಕೇಳ್ದಂಗಿದ್ಯಲ್ಲಮ್ಮ. ಹುಡುಗನೇ ಬೇಡ ಅನ್ನೋಕೆ ಜಾಗ ಎಲ್ಲಿ?”
ಪೆನ್ನಿನಲ್ಲಿ ನಾಲ್ಕನೆಯ ಕಾಲಂ ಎಳೆದೆ. ಬೇಡ.

ಫೆಬ್ರವರಿ 13
ಬೀದಿಯ ಪ್ರತಿ ಅಂಗಡಿಯೂ ಪಟ್ಟಿಯಲ್ಲಿದೆ. ಚಿಕ್ಕಮ್ಮನ ಹೊಲಿಗೆ ಅಂಗಡಿಯೂ. ಅವಳು ಬಳಸಿ ಬಿಟ್ಟವಳು. ಕ್ರಿಪ್ಟೊ ಖಾತೆಯ ಬೀಗ ತೆಗೆಯುವ ಹನ್ನೆರಡು ಗುಟ್ಟಿನ ಪದ ಬರೆದಿಟ್ಟಿದ್ದ ಚೀಟಿಯನ್ನು ಅಳತೆ ಚೀಟಿ ಎಂದುಕೊಂಡು ಯಾವ ಗಿರಾಕಿಗೋ ಕೊಟ್ಟುಬಿಟ್ಟಳಂತೆ! “ದುಡ್ಡು ಅಲ್ಲೇ ಇದ್ಯಂತೆ, ಮುಟ್ಟೋ ಹಾಗಿಲ್ವಂತೆ. ಅದರ ಸಹವಾಸವೇ ಬೇಡ. ಹಾಗಂತಲೇ ಬರ್ಕೋ.” ಹಾಗೆಯೇ ಬರೆದುಕೊಂಡೆ.

ಮಾರ್ಚ್ 2
ಒಟ್ಟು 212 ಅಂಗಡಿ. 97 ‘ಬೇಡ’. ಗೈಡ್ ಮುಖ ಸಿಂಡರಿಸಿದರು. “ಇದು ಅಡಾಪ್ಷನ್ ಸ್ಟಡಿ ಕಣಮ್ಮ, ಯಾರು ಯಾವಾಗ ಬಳಸ್ತಾರೆ ಅನ್ನೋದಷ್ಟೇ. ದೂರಿನ ಪೆಟ್ಟಿಗೆ ಅಲ್ಲ.” ಕೋಷ್ಟಕ ತಾವೇ ನೋಡುತ್ತಾರಂತೆ. ನನ್ನ ಲಾಗಿನ್‌ನ ಪಾಸ್‌ವರ್ಡ್ ಕೇಳಿದರು. ಇಲ್ಲಿ ಎಲ್ಲರೂ ಗೈಡ್‌ಗೆ ಕೊಡುತ್ತಾರೆ. ನಾನೂ ಕೊಟ್ಟೆ.

ಏಪ್ರಿಲ್ 19
ಮೈಯೆಲ್ಲ ಉರಿಯುತ್ತಿದೆ. ಗೈಡ್ ಬರೆದ ಲೇಖನ ಜರ್ನಲ್‌ನಲ್ಲಿ ಬಂದಿದೆ. 97 ಜನರೂ ‘ಮುಂದೆ ಎಂದಾದರೂ’ ಕಾಲಂನಲ್ಲಿ! ‘ಮಹಿಳಾ ದರ್ಜಿಯೊಬ್ಬರು ಹೆಚ್ಚಿನ ತರಬೇತಿಗಾಗಿ ಕಾಯುತ್ತಿದ್ದಾರೆ’ — ಇದು ನಮ್ಮ ಚಿಕ್ಕಮ್ಮ! ಬಿಗ್ ಡೇಟಾ ಎಂದು ಊರೆಲ್ಲ ಭಾಷಣ ಬಿಗಿಯುವ ಮನುಷ್ಯನಿಗೆ ಒಂದು ಬೀದಿಯ ಮಾತು ಕೇಳುವ ತಾಳ್ಮೆ ಇಲ್ಲ.
ಹೋಗಿ ಓದಿ ಹೇಳಿದೆ. ಚಿಕ್ಕಮ್ಮ ಮಿಷನ್ ನಿಲ್ಲಿಸಿದಳು. “ನನ್ನ ಬಾಯಿಗೆ ತನ್ನ ಮಾತು ತುರುಕೋಕೆ ಅವನ್ಯಾರೇ?”

ಏಪ್ರಿಲ್ 22
ನಿನ್ನೆ ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟೆ. ಇವತ್ತು ಗೈಡ್ ಕರೆಸಿದರು. ತಿದ್ದಿದ್ದೆಲ್ಲ ನನ್ನ ಲಾಗಿನ್‌ನಿಂದಲೇ ಆಗಿದೆಯಂತೆ. “ದೂರು ವಾಪಸ್ ತಗೋ. ಇಲ್ದಿದ್ರೆ ಡೇಟಾ ತಿರುಚಿದವಳು ನೀನೇ ಆಗ್ತೀಯ. ಪಿಎಚ್‌ಡಿ ಅಲ್ಲಿಗೇ ಮುಗೀತು.” ಮೂಲ ಫಾರಂಗಳು? ಎಂಟ್ರಿ ಆದ ಮೇಲೆ ಹರಿದು ಹಾಕಿಸಿದ್ದಾರೆ. ನನಗೆ ಹೇಳದೆ. ಉಂಡ ಮನೆಗೆ ಎರಡು ಬಗೆಯುವವಳು ಎಂದೂ ಬೈದರು. ಯಾರ ಮನೆಯ ಊಟ? ನಾಲ್ಕು ವರ್ಷ ಸವೆದದ್ದು ನನ್ನ ಚಪ್ಪಲಿ!
ವಾಪಸ್ ತೆಗೆದುಕೊಳ್ಳುವುದಿಲ್ಲ. ಹೆದರಿಕೆ ಇದೆ. ಆದರೂ ಇಲ್ಲ.

ಮೇ 6, ಬೆಳಿಗ್ಗೆ 11.20
ವಿಚಾರಣಾ ಸಮಿತಿಯ ಕೋಣೆಯ ಹೊರಗಿನ ಬೆಂಚು. ಒಬ್ಬಳೇ ಕೂರಬೇಕಾಗುತ್ತದೆ ಎಂದುಕೊಂಡಿದ್ದೆ. ಚಿಕ್ಕಮ್ಮ ನನಗೆ ತಿಳಿಸದೆ ಬೀದಿಯೆಲ್ಲ ಸುತ್ತಿದ್ದಾಳೆ. ‘ಬೇಡ’ ಎಂದವರಲ್ಲಿ ನಲವತ್ತೊಂದು ಜನ, ಅಂಗಡಿ ಶಟರ್ ಎಳೆದು ಬಂದಿದ್ದಾರೆ. ಮೆಟ್ಟಿಲವರೆಗೂ ಸಾಲು.
ಗೈಡ್ ಬಂದರು. ಮುಖದ ಬಣ್ಣ ಇಳಿಯಿತು. “ಇವರನ್ನೆಲ್ಲ ಯಾರು ಕರೆದಿದ್ದು?”
ಬೀಗ ರಿಪೇರಿಯವರು ಎದ್ದು ಕೈಮುಗಿದರು. “ನಾವು ಕಾಯ್ತಾ ಇದೀವಿ ಅಂತ ನೀವೇ ಬರ್ದಿದ್ರಲ್ಲ ಸಾರ್. ಬಂದು ಕಾಯ್ತಾ ಇದೀವಿ.”
ಪ್ಯೂನ್ ಬಾಗಿಲು ತೆರೆದು ನನ್ನನ್ನು ಕರೆದ. ಏಳಬೇಕು. ಚಿಕ್ಕಮ್ಮ ಆಗಲೇ ಒಳಗೆ—