ಎಡಗೈ ಮಾಡಿದ ಕೆಲಸ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳು ದಾಟಿತು, ಉತ್ತರ ಬರೆಯಲು ಆಗಲಿಲ್ಲ. ನೀನು ಮನಸ್ಸಿನಲ್ಲೇ ಬೈದಿರುತ್ತೀಯ. ಆ ಬೈಗುಳವೆಲ್ಲ ಇಲ್ಲಿಗೆ ಮುಟ್ಟಿದೆ, ತೆಗೆದಿಟ್ಟುಕೊಂಡಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಇವರು ಆಸ್ಪತ್ರೆಯಿಂದ ಮನೆಗೆ ಬಂದರು. ನಡೆಯುತ್ತಾರೆ, ಮಾತಾಡುತ್ತಾರೆ, ನನ್ನ ಅಡುಗೆಯಲ್ಲಿ ಕೊಂಕು ತೆಗೆಯುವಷ್ಟು ಚೇತರಿಸಿಕೊಂಡಿದ್ದಾರೆ. ಎಡಗೈ ಮಾತ್ರ ಹದ್ದುಬಸ್ತಿಗೆ ಬಂದಿಲ್ಲ.

ಪಾರ್ಶ್ವವಾಯು ಬಡಿದರೆ ಕೈ ಬಿದ್ದುಹೋಗುತ್ತದೆ ಎಂದು ನಾವೆಲ್ಲ ಕೇಳಿದ್ದೇವಲ್ಲ, ಇದು ಹಾಗಲ್ಲ. ಈ ಕೈ ಚೆನ್ನಾಗಿಯೇ ಆಡುತ್ತದೆ, ಆದರೆ ಇವರ ಮಾತು ಕೇಳುವುದಿಲ್ಲ. ಬಲಗೈ ಅಂಗಿಯ ಗುಂಡಿ ಹಾಕುತ್ತ ಹೋದರೆ ಎಡಗೈ ಹಿಂದಿನಿಂದ ಬಿಚ್ಚುತ್ತ ಬರುತ್ತದೆ. ಬಲಗೈ ತೆರೆದ ಬಾಗಿಲನ್ನು ಮುಚ್ಚುತ್ತದೆ. ಮಿದುಳಿನ ಎರಡು ಪಾಲುಗಳಿಗೆ ಮಾತುಕತೆ ನಿಂತುಹೋಗಿದೆ ಎಂದು ಡಾಕ್ಟರಮ್ಮ ವಿವರಿಸಿದರು. ಹಾಗಾದರೆ ಇದು ಮಾಡಿದ್ದಕ್ಕೆಲ್ಲ ಹೊಣೆ ಯಾರು ಎಂದು ಇವರು ಕೇಳಿದ್ದಕ್ಕೆ, ಆ ಪ್ರಶ್ನೆಗೆ ತಮ್ಮ ಹತ್ತಿರ ಮಾತ್ರೆಯಿಲ್ಲ ಎಂದು ನಕ್ಕರು. ಇವರು ಆ ಕೈಗೆ ಮನೆಯಳಿಯ ಎಂದು ಹೆಸರಿಟ್ಟಿದ್ದಾರೆ. ಹೇಳಿದ ಕೆಲಸ ಮಾಡುವುದಿಲ್ಲ, ಹೇಳದ್ದನ್ನು ಬಿಡುವುದಿಲ್ಲ.

ಮನೆಯಲ್ಲಿ ನಗಬಹುದು. ಕೋಟು ಕತ್ತರಿಸಿಯೇ ಬದುಕಿದ ಮನುಷ್ಯನಿಗೆ ಅಂಗಡಿಯಲ್ಲಿ ಅದು ನಗುವ ಮಾತಲ್ಲ. ಬೇಡ ಬೇಡವೆಂದರೂ ಹೋದರು. ನಿವೃತ್ತರಾಗುವ ಹೆಡ್‌ಮಾಸ್ಟರೊಬ್ಬರ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದ ಗೆರೆ ಹಿಡಿದು ಬಲಗೈಯಲ್ಲಿ ಕತ್ತರಿಸುತ್ತ ಬರುವಾಗ ಎಡಗೈ ಬಟ್ಟೆಯನ್ನು ಸರಕ್ಕನೆ ಎಳೆದುಕೊಂಡಿತು. ಕತ್ತರಿ ಎದೆಯ ಭಾಗದ ನಟ್ಟನಡುವೆ ಓಡಿತು.

ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವಾಕೆ ಒಳ್ಳೆಯವಳು. ಕಾಯಿಲೆಯ ಕೈ ಮಾಡಿದ್ದು ಎಂದು ಹೇಳಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ ಎಂದಳಂತೆ. ಇವರು ಒಪ್ಪಲಿಲ್ಲ. "ಬೋರ್ಡ್ ಮೇಲಿರೋದು ನನ್ನ ಹೆಸರು, ಕೈ ಹೆಸರಲ್ಲ" ಅಂದು, ಹೆಡ್‌ಮಾಸ್ಟರ ಮನೆಗೇ ಹೋಗಿ ನಾನೇ ಕೆಡಿಸಿದೆ ಎಂದು ಹೇಳಿ ಬಂದರು. ಅವರು ಬೈಯದೆ ಕೂರಿಸಿ ಚಹಾ ಕೊಟ್ಟರು. ಬೈದಿದ್ದರೆ ಇವರಿಗೆ ಹಗುರಾಗುತ್ತಿತ್ತು.

ಮನೆಗೆ ಬಂದವರು ಕಿಟಕಿಯ ಹತ್ತಿರ ಕೂತುಬಿಟ್ಟರು. ಮರುದಿನವೂ ಏಳಲಿಲ್ಲ. ಕೊನೆಗೆ ಬಾಯಿಬಿಟ್ಟರು. "ನನ್ನ ಕೈಗೇ ಎಲ್ಲಾ ಗೊತ್ತು, ತಲೆ ಬೇಕಾಗಿಲ್ಲ ಅಂತ ಜಂಬ ಕೊಚ್ಕೊಳ್ತಿದ್ದೆ. ಆಗ್ಲೂ ಕೈಗಳೇ ಮಾಡ್ತಿದ್ವೋ ಏನೋ. ನಾನು ಮಾಡ್ದೆ ನಾನು ಮಾಡ್ದೆ ಅಂತ ನಾನು ಸುಮ್ನೆ ಹಿಂದೆ ಓಡಾಡ್ತಿದ್ನೋ ಏನೋ."

ನನ್ನ ಬಾಯಿ ನಿನಗೆ ಗೊತ್ತಲ್ಲ ಅಕ್ಕ. "ಆಯ್ತು, ಬಟ್ಟೆ ಹಾಳು ಮಾಡಿದ್ದು ಎಡಗೈ. ಹೆಡ್‌ಮಾಸ್ಟ್ರ ಮುಂದೆ ನಿಂತು ನಿಜ ಹೇಳಿದ್ದು ಯಾವ ಕೈ?" ಎಂದು ಕೇಳಿದೆ. ಇವರು ಕಿಟಕಿ ಬಿಟ್ಟು ಎದ್ದರು. ರಾತ್ರಿ ಸರಿಯಾಗಿ ಉಂಡರು.

ಆಮೇಲೆ ಒಂದು ದಿನ ಉಲ್ಲನ್ ಸುತ್ತುವಾಗ ಉಂಡೆಯನ್ನು ಆ ಎಡಗೈಗೆ ಕೊಟ್ಟೆ. ಹಿಡಿದುಕೊಂಡು ತೆಪ್ಪಗಿತ್ತು. ಅದಕ್ಕೆ ಏನಾದರೂ ಹಿಡಿಯಲು ಸಿಕ್ಕರೆ ತಂಟೆ ಮಾಡುವುದಿಲ್ಲ ಎನ್ನುವುದು ಇವರಿಗೆ ಹೊಳೆದದ್ದು ಆಗಲೇ. ಈಗ ಕತ್ತರಿ ಎತ್ತುವ ಮೊದಲು ಅಳತೆ ಟೇಪಿನ ಸುರುಳಿಯನ್ನು ಎಡಗೈಗೆ ಕೊಡುತ್ತಾರೆ, ಬಟ್ಟೆಯ ಮೇಲೆ ಕಬ್ಬಿಣದ ತೂಕ ಹೇರುತ್ತಾರೆ. ಅದು ಏನು ಮಾಡುತ್ತದೋ ತನಗೆ ಗೊತ್ತಿಲ್ಲ, ಅದು ಮಾಡುವುದಕ್ಕೆ ಮೊದಲು ತಾನೇನು ಮಾಡಬೇಕು ಎನ್ನುವುದು ಗೊತ್ತು ಅನ್ನುತ್ತಾರೆ. ಕೆಟ್ಟ ಬಟ್ಟೆಗೆ ಬದಲು ತಮ್ಮ ದುಡ್ಡಿನಲ್ಲೇ ಬೇರೆ ತಂದರು. ಮೊದಲು ಎರಡು ದಿನದಲ್ಲಿ ಮುಗಿಸುತ್ತಿದ್ದ ಕೋಟಿಗೆ ಎರಡು ವಾರ ಹಿಡಿಯಿತು. ಹೆಡ್‌ಮಾಸ್ಟರು ಗುರುವಾರ ತೊಟ್ಟುಕೊಂಡು ಹೋದರು. ಒಂದು ಜೇಬು ಕೂದಲೆಳೆಯಷ್ಟು ಕೆಳಗಿದೆ, ಅದನ್ನು ನಾನು ಯಾರಿಗೂ ಹೇಳಿಲ್ಲ.

ಭಾವನವರಿಗೆ ನಮಸ್ಕಾರ. ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ, ಎತ್ತರಕ್ಕೆ ಬೆಳೆಯಲಿ, ನಿನ್ನ ಹಟ ಮಾತ್ರ ಅವಳಿಗೆ ಬಾರದಿರಲಿ. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ. ಅಂದು ಇವರು ಹೆಣ್ಣು ನೋಡಲು ಬಂದದ್ದು ನಿನ್ನನ್ನು. ನೀನು ಒಲ್ಲೆ ಎಂದೆ, ಹಿರಿಯರು ನನ್ನನ್ನು ತಂದು ನಿಲ್ಲಿಸಿದರು, ಇವರು ತಲೆಯಾಡಿಸಿದರು. ನಿನ್ನ ಮೇಲೆ ನನಗೆ ಯಾವತ್ತೂ ಕೋಪವಿರಲಿಲ್ಲ. ಆದರೆ ಅವತ್ತು ತಲೆಯಾಡಿಸಿದ್ದು ಇವರ ಇಷ್ಟವೋ ಹಿರಿಯರ ಮುಲಾಜೋ ಎಂದು ಕೇಳಲು ಇಷ್ಟು ವರ್ಷ ನನಗೆ ಬಾಯಿ ಬರಲಿಲ್ಲ. ಒಳಗೊಳಗೇ ನೊಂದುಕೊಂಡೆ. ನಿನ್ನೆ ಮಧ್ಯಾಹ್ನ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದಾಗ ಆ ಎಡಗೈ ಟೇಪು ಬಿಟ್ಟು ನನ್ನ ಕೈ ಹಿಡಿದುಕೊಂಡಿತು, ಕಾಜಾದಾಕೆಯ ಎದುರಿಗೇ. ಬಲಗೈಯಿಂದ ಬಿಡಿಸಿ ಎಂದೆ. ಇವರು ಕತ್ತರಿ ಕೆಳಗಿಟ್ಟರು, ಬಿಡಿಸಲಿಲ್ಲ. "ಹಿಡಿದಿದ್ದು ಅದು. ಬಿಡಿಸದೆ ಇರೋದು ನಾನು" ಎಂದರು. ಆಮೇಲೆ ನಾನು ಕೇಳದೆಯೇ ಹೇಳಿದರು: "ಮದ್ವೇಲೂ ಅಷ್ಟೇ ಕಣೇ. ನಿನ್ನ ಕೈ ಹಿಡಿಸಿದ್ದು ಹಿರಿಯರು. ಬಿಡದೆ ಇದ್ದಿದ್ದು ನಾನು."