ಅರವತ್ತೆರಡು ವರ್ಷದ ಚರ್ಚನ್ನು ಇನ್ನೂರು ದಾಟಿಸಿದವರಿಗೆ

ಬಿರುಕುಗಳ ಚಕ್ರವರ್ತಿಗಳೂ, ಸುಣ್ಣ-ಗಾರೆಗಳ ಜಾತಕ ಬಲ್ಲವರೂ, ನೋಟೀಸು ಮತ್ತು ಗೋಂದಿನ ಏಕಮಾತ್ರ ಒಡೆಯರೂ ಆದ ಹಳೇ ಕಟ್ಟಡಗಳ ತನಿಖಾಧಿಕಾರಿಗಳ ಪಾದಾರವಿಂದಗಳಿಗೆ, ಸವಣೂರಿನ ಯಃಕಶ್ಚಿತ್ ಪ್ರಜೆಯೊಬ್ಬನ ದೀರ್ಘದಂಡ ನಮಸ್ಕಾರ.

ಮಾನ್ಯರೇ, ಕಳೆದ ಸೋಮವಾರ ತಾವು ನಮ್ಮ ಓಣಿಯ ಪ್ರೊಟೆಸ್ಟಂಟ್ ಚರ್ಚಿಗೆ ಬೀಗ ಜಡಿದು, 'ಇನ್ನೂರು ವರ್ಷ ಮೀರಿದ ಶಿಥಿಲ ಕಟ್ಟಡ, ಪ್ರವೇಶವಿಲ್ಲ' ಎಂದು ಚೀಟಿ ಅಂಟಿಸಿದಿರಿ. ಬರುವ ಗುರುವಾರ ಅಲ್ಲಿಯೇ ನನ್ನ ಅಕ್ಕ ಸುಗಂಧಾಳ ಮದುವೆ. ಹಿರೇಕೆರೂರಿನಿಂದ ಬರುವ ಗಂಡಿನ ಕಡೆಯವರನ್ನು ಎಲೆಬಳ್ಳಿ ತೋಟದಲ್ಲಿ ನಿಲ್ಲಿಸಿ ಪ್ರಾರ್ಥನೆ ಮಾಡಿಸಲೇ?

ಈ ಚರ್ಚು ಕಟ್ಟಿದ್ದು ೧೯೬೩ರಲ್ಲಿ. ಅಡಿಗಲ್ಲು ಇಟ್ಟ ದಿನದ ಫೋಟೋವನ್ನು ಸಭಾಪಾಲಕರು ತಮಗೆ ತೋರಿಸಿದರು. ಅದರಲ್ಲಿ ಮಣ್ಣಿನ ಬುಟ್ಟಿ ಹೊತ್ತು ನಿಂತ ಭರಮವ್ವ ಇವತ್ತಿಗೂ ಓಣಿಯ ಬಾಯಲ್ಲಿ ಕೂತು ಮೂಲಂಗಿ ಮಾರುತ್ತಾಳೆ. ತಾವು 'ಫೋಟೋ ಬೇರೆ, ಗೋಡೆ ಬೇರೆ' ಎಂದಿರಿ. ಎಂಥ ತತ್ತ್ವಜ್ಞಾನ! ಗೋಡೆ ಕಟ್ಟಿದ ಗೌಂಡಿ ಬಂದೇಸಾಬರು, ವಯಸ್ಸು ಎಂಬತ್ತೈದು, ಕೋಲೂರಿಕೊಂಡು ಬಂದು ತಮ್ಮೆದುರೇ ಹೇಳಿದರು:

"ಈ ಗ್ವಾಡಿ ನಾನ ಕಟ್ಟೇನ್ರೀ ಸಾಹೇಬ್ರ. ನಾನ ಇನ್ನೂ ಬಿದ್ದಿಲ್ಲ, ಅದ್ಯಾಕ ಬೀಳತೈತಿ?"

ತಾವು ಹಿಂಬಾಗಿಲ ಮೇಲಿದ್ದ '1798' ಎಂಬ ಅಂಕಿಗಳತ್ತ ಬೆರಳು ತೋರಿಸಿದಿರಿ.

"ಹಂಗಿದ್ರ ನನಗೂ ಒಂದು ಚೀಟಿ ಹಚ್ಚರಿ," ಎಂದರು ಬಂದೇಸಾಬರು. "ಇನ್ನೂರು ದಾಟ್ಯಾನಂದ್ರ ಸೊಸಿನೂ ಮೆತ್ತಗ ಮಾತಾಡಸ್ತಾಳ."

ಸ್ವಾಮಿ, ೧೭೯೮ರಲ್ಲಿ ಮಂಗಳೂರು ಹೆಂಚಿನ ಕಾರ್ಖಾನೆಯೇ ಹುಟ್ಟಿರಲಿಲ್ಲ. ಮಾಡಿನ ಮೇಲಿನ ಹೆಂಚು ಆಕಾಶದಿಂದ ಉದುರಿದವೇ? ಆ ಅಂಕಿಗಳಾದರೂ ಗೇಟಿಗೆ ಹಚ್ಚುವ ನೀಲಿ ಆಯಿಲ್ ಪೇಂಟಿನವು. ಎಂಟರ ಹೊಟ್ಟೆಯಿಂದ ಬಣ್ಣ ಸೋರಿ ಹೊಸ್ತಿಲವರೆಗೆ ಇಳಿದಿದೆ. ಗೋಡೆಯ ಮೇಲೆ ಬರೆದದ್ದೆಲ್ಲ ಸತ್ಯವಾದರೆ, ಎದುರು ಕಾಂಪೌಂಡಿನ 'ಇಲ್ಲಿ ಮೂತ್ರ ಮಾಡಬಾರದು' ಎಂಬುದು ಯಾಕೆ ಇನ್ನೂ ಸತ್ಯವಾಗಿಲ್ಲ? ಯಾವನೋ ಪುಂಡ ಗೀಚಿದ್ದನ್ನು ಶಾಸನವೆಂದು ಓದುವ ಪಾಂಡಿತ್ಯ ತಮಗೆ ಎಲ್ಲಿ ಲಭಿಸಿತು?

ಆದ್ದರಿಂದ ಬುಧವಾರ ಸಂಜೆಯೊಳಗೆ ಬೀಗ ತೆಗೆಯತಕ್ಕದ್ದು. ಗುರುವಾರ ತಾವೂ ಬಂದು, ತಮಗೆ ಅನುಮಾನವಿರುವ ತೊಲೆಯ ಕೆಳಗೇ ಕೂತು, ಅಕ್ಷತೆಯಿಲ್ಲದ ಮದುವೆ ನೋಡಿ, ಊಟ ಮುಗಿಸಿ ಹೋಗತಕ್ಕದ್ದು.

ಇಂತಿ,
ಬೀಗದ ಹೊರಗೆ ನಿಂತ ಮದುವಣಗಿತ್ತಿಯ ಬಡಪಾಯಿ ತಮ್ಮ,
ಸಂದೇಶ

ತಾ.ಕ.: ನಮ್ಮೂರಲ್ಲಿ ಮಠವೂ ಹಳೆಯದು, ಮಸೀದಿಗಳೂ ಹಳೆಯವು. ಗೆಳೆಯ ಇನಾಯತ ಒಂದು ದಿನ, "ನಿಮ್ಮ ಚರ್ಚಿಗಿಂತ ನಮ್ಮ ಹಿತ್ತಲ ಕಕ್ಕಸ ಹಳೇದೈತಲೇ" ಅಂದುಬಿಟ್ಟ. ಮನೆಯ ಗೇಟಿಗೆ ಹಚ್ಚಿ ಉಳಿದ ನೀಲಿ ಪೇಂಟು ನನ್ನ ಕೈಯಲ್ಲೇ ಇತ್ತು. ಅಕ್ಕಗ ಮಾತ್ರ ಹೇಳಬ್ಯಾಡ್ರಿ.