ಖಾಲಿ ಕೊಕ್ಕೆ

ಕಂಪನಿ ಕ್ವಾರ್ಟರ್ಸ್,
ಹನ್ನೊಂದನೇ ತಾರೀಕು, ಮಂಗಳವಾರ ಮಧ್ಯಾಹ್ನ

ಮಗಳ ಅಪ್ಪನಿಗೆ ನಮಸ್ಕಾರಗಳು.

ಹಡಗಿನಲ್ಲಿ ಆರೋಗ್ಯವಾಗಿದ್ದೀರಾ? ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀರೋ, ಇಲ್ಲ ಬಾಟಲಿಯ ಮುಖ ನೋಡಿಯೇ ನೋವು ಹೋಗುತ್ತದೆ ಅಂತ ಕೂತಿದ್ದೀರೋ? ನಾವು ದೇವರ ದಯೆಯಿಂದ ಚೆನ್ನಾಗಿದ್ದೇವೆ ಅಂತ ಬರೆಯಬೇಕು. ಆದರೆ ಬೆಳಗಿನಿಂದ ನನಗೆ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೂ ಕಿವಿಯೆಲ್ಲ ಬಾಗಿಲ ಕಡೆಗೇ.

ಇವತ್ತು ಕಂಪನಿಗೆ ದುಡ್ಡು ಹಾಕುವವರು ಬಂದಿದ್ದಾರೆ. ಸೂರ್ಯನೊಳಗಿನ ಬೆಂಕಿಯನ್ನು ಇಲ್ಲೇ ಹೊತ್ತಿಸಿ, ಕರೆಂಟು ಮಾಡಿ ಮಾರುತ್ತೇವೆ ಅಂತ ಯಜಮಾನರು ಮಾತು ಕೊಟ್ಟಿದ್ದಾರಲ್ಲ, ಅದಕ್ಕೆ ಯಂತ್ರ ಓಡಿಸಿ ತೋರಿಸಬೇಕು. ಇನ್ನೊಂದು ಕಂಪನಿ ಮುಂದೆ ಹೋಗಿಬಿಟ್ಟರೆ ಅನ್ನುವ ಹೆದರಿಕೆ ಬೇರೆ. ನಮ್ಮ ಯಂತ್ರದ ಇಂಜಿನಿಯರಾದ ನಿಮ್ಮ ಮಗಳು ಮಾತ್ರ ವಾರದಿಂದ ಸರಿಯಾಗಿ ಊಟ ಮಾಡಿಲ್ಲ. ದೊಡ್ಡ ಆಯಸ್ಕಾಂತವನ್ನು ತಣ್ಣಗಿಡುವ ಪೈಪು ಜಿನುಗುತ್ತಿದೆಯಂತೆ. ಹಾಗೇ ಓಡಿಸಿದರೆ ಜನಕ್ಕೇನೂ ಆಗುವುದಿಲ್ಲವಂತೆ, ಆಯಸ್ಕಾಂತ ಸುಟ್ಟುಹೋಗುತ್ತದಂತೆ. ಅವಳು ವರ್ಷಗಟ್ಟಲೆ ಕೂತು ಕಟ್ಟಿದ್ದಲ್ಲವೇ ಅದು? "ಯಜಮಾನರಿಗೆ ಹೇಳೇ" ಅಂದೆ. "ಹೇಳಿದೆ ಕಣಮ್ಮಾ, ಬಂದವರು ಹೋದಮೇಲೆ ರಿಪೇರಿ ಅಂತಾರೆ" ಅಂದಳು.

ಯಂತ್ರದ ಕೋಣೆಗೆ ಹೋಗುವವರೆಲ್ಲ ಬಾಗಿಲ ಪಕ್ಕದ ಹಲಗೆಯ ಕೊಕ್ಕೆಯಿಂದ ತಂತಮ್ಮ ಕೀಲಿ ತೆಗೆದುಕೊಂಡು ಹೋಗಬೇಕು, ಹೊರಗೆ ಬಂದು ಅಲ್ಲೇ ಸಿಕ್ಕಿಸಬೇಕು. ಒಂದೇ ಒಂದು ಕೊಕ್ಕೆ ಖಾಲಿ ಇದ್ದರೂ ಯಾರೋ ಒಳಗಿದ್ದಾರೆ ಅಂತ ಯಂತ್ರ ಜಪ್ಪಯ್ಯ ಅಂದರೂ ಶುರುವಾಗುವುದಿಲ್ಲ. ನೆಲ ಒರೆಸುವ ನನಗೂ ಒಂದು ಕೀಲಿ ಇದೆ. ಬೆಳಿಗ್ಗೆ ಒರೆಸಿ ಮುಗಿಸಿದವಳು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಸೀದಾ ಮನೆಗೆ ಬಂದೆ. ಮರೆತಲ್ಲ, ಬೇಕಂತಲೇ. ಅಡುಗೆಮನೆಯಲ್ಲಿ ಕೂತು ನಿಮಗೆ ಕಾಗದ ಬರೆಯುತ್ತಿದ್ದರೂ ಯಂತ್ರದ ಪಾಲಿಗೆ ನಾನಿನ್ನೂ ಆ ಕೋಣೆಯೊಳಗೇ ಇದ್ದೇನೆ ನೋಡಿ!

ಆಫೀಸಿನ ಹುಡುಗಿ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಾಳೆ. "ಅಮ್ಮಾ, ಕೀಲಿ ನಿಮ್ಮ ಹತ್ರ ಇದೆಯಾ?" ಅಂದರೆ "ಹುಡುಕ್ತೀನಿ ತಾಯಿ" ಅನ್ನುತ್ತೇನೆ. ಸುಳ್ಳೂ ಹೇಳಲಿಲ್ಲ, ನಿಜವೂ ಹೇಳಲಿಲ್ಲ. ದೇವರ ಹತ್ತಿರ ಈ ಜಾಣತನ ನಡೆಯುವುದಿಲ್ಲ ಅಂತ ಗೊತ್ತು.

ಡೆಕ್ಕಿನ ಮೇಲೆ ಗಾಳಿಗೆ ತಲೆಯೊಡ್ಡಿ ನಿಲ್ಲಬೇಡಿ. ಕಡಲಿನಲ್ಲಿ ಆ ಭಗವಂತ ನಿಮ್ಮ ಕೈ ಬಿಡದಿರಲಿ.

ನಿಮ್ಮ ದಾರಿ ನೋಡುವ,
ಮಗಳ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಗಳು ಬಂದಳು. "ನಿನ್ನನ್ನ ಯಾರು ಕೇಳಿದ್ರಮ್ಮಾ?" ಅಂತ ಹರಿಹಾಯ್ದಳು. ಬಂದವರೆಲ್ಲರ ಎದುರು ಎದ್ದು ನಿಂತು ಪೈಪಿನ ಸಂಗತಿ ತಾನೇ ಹೇಳಿದಳಂತೆ. ಅಷ್ಟರಲ್ಲಿ ಕೀಲಿಯ ಗಲಾಟೆ ಎದ್ದು, ಇದೆಲ್ಲ ತಾಯಿ ಮಗಳು ಸೇರಿ ಹೂಡಿದ ಆಟ ಅಂತ ಯಜಮಾನರು ಅಂದುಬಿಟ್ಟರಂತೆ. ಈಗ ಪೈಪಿನ ಮಾತನ್ನೂ ಯಾರೂ ನಂಬುತ್ತಿಲ್ಲ. ಕಾಪಾಡಲು ಹೋಗಿ ಅವಳ ಬಾಯಿಗೆ ನಾನೇ ಮಣ್ಣು ಹಾಕಿದೆ. ದುಡ್ಡು ಹಾಕುವವರು ಇನ್ನೂ ಹೋಗಿಲ್ಲ, ನಾನು ಹೊರಟೆ. ಕದ್ದವಳು ನಾನು, ಇವಳಿಗೆ ಏನೂ ಗೊತ್ತಿಲ್ಲ, ಪೈಪನ್ನು ನಿಮ್ಮ ಕಣ್ಣಿನಿಂದಲೇ ನೋಡಿ ಅಂತ ಅವರಿಗೆ ಹೇಳಿ ಬರುತ್ತೇನೆ. ನನ್ನ ಕೆಲಸ ಉಳಿಯುವುದಿಲ್ಲ, ಮನೆಯೂ ಕಂಪನಿಯದೇ. ಇನ್ನು ಮುಂದೆ ನನ್ನ ತಂಗಿಯ ಮನೆಯ ವಿಳಾಸಕ್ಕೆ ಬರೆಯಿರಿ.